ಮಕ್ಕಳಿಗೆ ಟೇಬಲ್ ಟೆನಿಸ್ ಬ್ಯಾಟ್ ಜೋಡಿಸುವ ಮುನ್ನ: ಕೈಸುಟ್ಟುಕೊಂಡವರ ಅನುಭವದಿಂದ



ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರದ ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದೆವೆಂದರೆ ಜರ್ಮನಿಯಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು ಕವಿಯುತ್ತದೆ. ಬೇಸಿಗೆಯಿಡೀ ಪಾರ್ಕಿನ ಕಲ್ಲುಮೇಜಿನ ಮೇಲೆ ಟಕಟಕ ಎಂದು ಚೆಂಡು ಬಾರಿಸುತ್ತಿದ್ದ ಮಕ್ಕಳು ಮನೆಯೊಳಗೆ ಸೇರಿ ಟಿವಿ, ಫೋನು ಎಂದು ಕೂರುತ್ತಾರೆ. ಆಗ ತಂದೆ ತಾಯಿಯರಿಗೆ ನೆನಪಾಗುವುದು ಊರಿನ ಕ್ರೀಡಾ ಸಂಘ, ಇಲ್ಲಿಯವರ ಬಾಯಲ್ಲಿ 'ಫೆರಾಯ್ನ್'. ಟೇಬಲ್ ಟೆನಿಸ್ ವಿಭಾಗವಿರುವ ಫೆರಾಯ್ನ್‌ಗಳು ಬಹಳಷ್ಟಿವೆ. ಶಾಲೆಯ ಜಿಮ್ ಹಾಲಿನಲ್ಲಿ ವಾರಕ್ಕೆರಡು ಸಂಜೆ ಮೇಜು ಬಿಡಿಸಿ ಮಕ್ಕಳಿಗೆ ಕಲಿಸುತ್ತಾರೆ, ಚಂದಾ ಕೂಡ ಬೇರೆ ಆಟಗಳಿಗೆ ಹೋಲಿಸಿದರೆ ಕಡಿಮೆಯೇ.

2024ರ ಪ್ಯಾರಿಸ್ ಒಲಿಂಪಿಕ್ಸ್ ಆದ ಮೇಲಂತೂ ನಮ್ಮ ಮನೆಗಳಲ್ಲಿ ಈ ಆಟದ ಮಾತು ಹೆಚ್ಚಾಯಿತು. ಭಾರತದ ಮಹಿಳಾ ತಂಡ ಮೊದಲ ಬಾರಿಗೆ ಒಲಿಂಪಿಕ್ಸಿನ ತಂಡ ಸ್ಪರ್ಧೆಗೆ ಅರ್ಹತೆ ಪಡೆದು ಕ್ವಾರ್ಟರ್ ಫೈನಲ್ ತಲುಪಿತು. ಅಲ್ಲಿ ಎದುರಾದದ್ದು ಜರ್ಮನಿ! ಆ ಪಂದ್ಯವನ್ನು ಭಾರತ 1-3ರಿಂದ ಸೋತಿತು, ಆದರೆ ಆ ಒಂದು ಗೆಲುವನ್ನು ತಂದುಕೊಟ್ಟವರು ನಮ್ಮ ಬೆಂಗಳೂರಿನ ಅರ್ಚನಾ ಕಾಮತ್. ಇಲ್ಲಿ ಹುಟ್ಟಿದ ಮಕ್ಕಳು ಯಾರ ಪರ ಕೂಗಬೇಕೆಂದು ತಿಳಿಯದೆ ಒಮ್ಮೆ ಅತ್ತ ಒಮ್ಮೆ ಇತ್ತ ನೋಡುತ್ತಿದ್ದುದು ನಮಗೆ ಇನ್ನೂ ನೆನಪಿದೆ.

ಮಗು ಫೆರಾಯ್ನ್ ಸೇರಿ ಎರಡು ತಿಂಗಳಾಗುವ ಹೊತ್ತಿಗೆ ಒಂದು ಚೀಟಿಯೋ ಮಾತೋ ಮನೆಗೆ ಬರುತ್ತದೆ: "ಸ್ವಂತ ಬ್ಯಾಟ್ ತಂದರೆ ಒಳ್ಳೆಯದು, ಈ ಸೂಪರ್ ಮಾರ್ಕೆಟ್ ಬ್ಯಾಟ್ ಸಾಲದು." ಅಲ್ಲಿಂದ ಶುರುವಾಗುತ್ತದೆ ಗೊಂದಲ. ಸಂಘದ ಕಾರ್ಯಕ್ರಮಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ಈ ವಿಷಯವಾಗಿ ನಮ್ಮನ್ನು ಕೇಳಿದವರು ಒಬ್ಬಿಬ್ಬರಲ್ಲ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇ ಇಡೋಣ ಎಂದು ಈ ಲೇಖನ.

ಮೊದಲೇ ಒಂದು ಮಾತು. ನಾವು ಪಂದ್ಯ ಗೆದ್ದ ಆಟಗಾರರಲ್ಲ. ಮಗಳಿಗೆ ತಪ್ಪು ಬ್ಯಾಟ್ ಕೊಡಿಸಿ, ದುಡ್ಡೂ ಕಳೆದುಕೊಂಡು, ಅವಳು ಆಟವನ್ನೇ ಬಿಡುವ ಹಂತಕ್ಕೆ ತಂದಿಟ್ಟು, ಆಮೇಲೆ ಕಲಿತವರು.

ನಾವು ಮಾಡಿದ ಎಡವಟ್ಟು

ಮಗಳಿಗೆ ಆಗ ಹತ್ತು ವರ್ಷ. ಜೋಡಿಸಿದ ಬ್ಯಾಟ್ ಬೇಕೆಂದಾಗ ನಾವು ಸಾಫ್ಟ್‌ವೇರಿನವರು ಮಾಡುವಂತೆಯೇ ಮಾಡಿದೆವು. ಒಂದು ವಾರ ಕೂತು ಅಂಕಿ ಅಂಶಗಳ ಪಟ್ಟಿ ಹಾಕಿದೆವು. ವೇಗಕ್ಕೆ ಇಷ್ಟು, ತಿರುಗಿಗೆ ಇಷ್ಟು, ಹಿಡಿತಕ್ಕೆ ಇಷ್ಟು ಎಂದು ಪ್ರತಿ ಕಂಪನಿಯೂ ತನ್ನ ಸರಕಿಗೆ ತಾನೇ ಅಂಕ ಕೊಟ್ಟುಕೊಂಡಿರುತ್ತದೆ. ಹೆಚ್ಚು ಅಂಕ ಬಂದದ್ದೇ ಒಳ್ಳೆಯದೆಂದು ನಂಬಿ, ಕಾರ್ಬನ್ ಪದರವಿರುವ ಮರ, ಎರಡೂ ಬದಿಗೆ ಅತಿ ದಪ್ಪ ಸ್ಪಂಜಿನ ರಬ್ಬರ್, ಒಟ್ಟು 165 ಯೂರೋ ತೆತ್ತು ತರಿಸಿದೆವು. ಅಂಗಡಿಯವರು ಮಗುವಿನ ವಯಸ್ಸು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಬ್ಯಾಟ್ ನೋಡಲು ಬಲು ಚೆಂದ. ಆದರೆ ಮಗಳು ಹೊಡೆದ ಚೆಂಡೆಲ್ಲ ಮೇಜಿನಾಚೆ ಗೋಡೆಗೆ. ಮೂರು ವಾರದಲ್ಲಿ ಅವಳು ಕೈ ಬೀಸುವುದನ್ನೇ ನಿಲ್ಲಿಸಿದಳು. ಚೆಂಡು ಬಂದ ಕಡೆ ಬ್ಯಾಟನ್ನು ಸುಮ್ಮನೆ ಅಡ್ಡ ಹಿಡಿದು ನಿಲ್ಲುತ್ತಿದ್ದಳು. "ಅಪ್ಪಾ, ಈ ಬ್ಯಾಟ್ ನನ್ನ ಮಾತೇ ಕೇಳಲ್ಲ" ಎಂದಳು ಒಂದು ರಾತ್ರಿ ಕಾರಿನಲ್ಲಿ. ನಾವು "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಗಾದೆ ಹೇಳಿ ನಕ್ಕೆವು. ಅವಳು ನಗಲಿಲ್ಲ. ಮುಂದಿನ ವಾರ ಹೊಟ್ಟೆನೋವು ಎಂದಳು, ಅದರ ಮುಂದಿನ ವಾರ ತಲೆನೋವು.

ಅವಳ ತರಬೇತುದಾರರು ಎಪ್ಪತ್ತು ದಾಟಿದ ಹಿರಿಯರು. ಹೊಸ ಬ್ಯಾಟನ್ನು ಕೈಗೆ ತೆಗೆದುಕೊಂಡು, ಅದರ ಮೇಲೆ ಚೆಂಡನ್ನು ಎರಡು ಸಲ ಪುಟಿಸಿ, ಏನೂ ಹೇಳದೆ ಚೀಲದಿಂದ ಸವೆದ ಹಿಡಿಯ ಒಂದು ಹಳೆಯ ಐದು ಪದರದ ಮರದ ಬ್ಯಾಟ್ ತೆಗೆದು ಅವಳಿಗೆ ಕೊಟ್ಟರು. ಆ ಸಂಜೆ ಅವಳು ಮೊದಲ ಸಲ ಇಪ್ಪತ್ತಕ್ಕಿಂತ ಹೆಚ್ಚು ಹೊಡೆತಗಳ ರ‍್ಯಾಲಿ ಆಡಿದಳು. ನೆಲ ನಿಜಕ್ಕೂ ಡೊಂಕಾಗಿತ್ತು, ನಮಗೆ ಕಾಣಿಸಿರಲಿಲ್ಲ ಅಷ್ಟೆ. 165ರ ಬ್ಯಾಟನ್ನು ಕೊನೆಗೆ 70 ಯೂರೋಗೆ ಮಾರಿದೆವು.

ಬಿಡಿಭಾಗಗಳ ಬ್ಯಾಟ್ ಎಂದರೇನು?

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮದರ್‌ಬೋರ್ಡ್ ಒಂದು ಅಂಗಡಿಯಲ್ಲಿ, ಕ್ಯಾಬಿನೆಟ್ ಇನ್ನೊಂದರಲ್ಲಿ ಕೊಂಡು ಕಂಪ್ಯೂಟರ್ ಜೋಡಿಸಿಕೊಂಡವರಿಗೆ ಇದನ್ನು ವಿವರಿಸುವುದು ಸುಲಭ. ಇದು ಆ 'ಅಸೆಂಬಲ್ಡ್' ಕಂಪ್ಯೂಟರ್ ಇದ್ದಂತೆ. ಮರದ ಹಲಗೆ ಒಂದು, ಅದರ ಎರಡು ಬದಿಗೆ ಎರಡು ರಬ್ಬರ್ ಹಾಳೆ, ನಡುವೆ ಅಂಟು. ಹಲಗೆಗೆ ಬ್ಲೇಡ್ ಎನ್ನುತ್ತಾರೆ, ಇಲ್ಲಿನ ಅಂಗಡಿಗಳಲ್ಲಿ ಅದು 'ಹೋಲ್ತ್ಸ್', ಅಂದರೆ ಮರ. ರಬ್ಬರಿಗೆ 'ಬೆಲಾಗ್'. ಹಾಳಾದ ಭಾಗವನ್ನಷ್ಟೇ ಬದಲಿಸಬಹುದು ಎಂಬುದೇ ಇದರ ದೊಡ್ಡ ಲಾಭ.

ಸೂಪರ್ ಮಾರ್ಕೆಟ್ಟಿನ ಹತ್ತು-ಹದಿನೈದು ಯೂರೋ ಬ್ಯಾಟಿನ ದೋಷ ಅದು ನಿಧಾನ ಎಂಬುದಲ್ಲ. ಅದರ ರಬ್ಬರು ಚೆಂಡನ್ನು ಹಿಡಿಯುವುದಿಲ್ಲ, ಚೆಂಡು ಜಾರುತ್ತದೆ. ಇದು ಏಕೆ ಮುಖ್ಯವೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಮೇಜಿನ ಉದ್ದ 2.74 ಮೀಟರ್, ನೆಟ್ಟಿನ ಎತ್ತರ 15.25 ಸೆಂಟಿಮೀಟರ್, ಚೆಂಡಿನ ತೂಕ 2.7 ಗ್ರಾಂ. ಜೋರಾಗಿ ಹೊಡೆದ ಚೆಂಡು ನೆಟ್ ದಾಟಿ ಆಚೆಯ ಅರ್ಧ ಮೇಜಿನೊಳಗೇ ಬೀಳಬೇಕು. ಬರೀ ಭೂಮಿಯ ಸೆಳೆತವನ್ನು ನಂಬಿದರೆ ಅದು ಬೀಳುವಷ್ಟರಲ್ಲಿ ಮೇಜು ಮುಗಿದಿರುತ್ತದೆ. ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿ ಹೊಡೆದು ಮುಮ್ಮುಖವಾಗಿ ತಿರುಗಿಸಿದರೆ ಗಾಳಿ ಅದನ್ನು ಕೆಳಕ್ಕೆ ಒತ್ತುತ್ತದೆ. ಕ್ರಿಕೆಟಿನಲ್ಲಿ ಸ್ಪಿನ್ನರ್ ಎಸೆದ ಚೆಂಡು ಗಾಳಿಯಲ್ಲಿ ಇದ್ದಕ್ಕಿದ್ದಂತೆ ಇಳಿಯುವುದನ್ನು ನೋಡಿದ್ದೀರಲ್ಲ, ಅದೇ ಲೆಕ್ಕ. ಈ ಉಜ್ಜುವಿಕೆಗೆ ರಬ್ಬರಿನ ಹಿಡಿತ ಬೇಕು. ಹಿಡಿತವಿಲ್ಲದ ಬ್ಯಾಟಿನಲ್ಲಿ ಮಗು ಎಷ್ಟು ಸರಿಯಾಗಿ ಕೈ ಬೀಸಿದರೂ ಫಲ ಕಾಣದು, ಹೀಗಾಗಿ ತಪ್ಪಾದ ಹೊಡೆತವನ್ನೇ ರೂಢಿಸಿಕೊಳ್ಳುತ್ತದೆ.

ಆದ್ದರಿಂದ ನಮಗೆ ಬೇಕಾದದ್ದು ನಿಧಾನವಾದ, ಆದರೆ ಚೆಂಡನ್ನು ಚೆನ್ನಾಗಿ ಹಿಡಿಯುವ ಬ್ಯಾಟ್. ದುಬಾರಿ ಬ್ಯಾಟಿನಲ್ಲಿ ಹಿಡಿತವೂ ಇರುತ್ತದೆ, ಬೇಡದ ವೇಗವೂ ಇರುತ್ತದೆ. ಆ ವೇಗಕ್ಕೇ ನಾವು ಹೆಚ್ಚಿನ ಹಣ ಕೊಡುವುದು. ಅದನ್ನು ಬಿಟ್ಟರೆ ಬೆಲೆ ತಾನಾಗಿಯೇ ಇಳಿಯುತ್ತದೆ.

ಮರ

ಆಟದ ನಿಯಮದ ಪ್ರಕಾರ ಬ್ಲೇಡಿನ ದಪ್ಪದಲ್ಲಿ ಶೇಕಡಾ 85ರಷ್ಟಾದರೂ ಸಹಜ ಮರವೇ ಇರಬೇಕು. ಪದರಗಳ ನಡುವೆ ಕಾರ್ಬನ್, ಗಾಜಿನ ನಾರು ಮುಂತಾದವನ್ನು ಸೇರಿಸಬಹುದು, ಆದರೆ ಅಂಥ ಒಂದು ಪದರ 0.35 ಮಿಲಿಮೀಟರ್ ಮೀರುವಂತಿಲ್ಲ. ಅಷ್ಟು ತೆಳುವಾದ ಪದರವೇ ಹಲಗೆಯನ್ನು ಬಿಗಿಯಾಗಿಸಿ ಚೆಂಡನ್ನು ಚಿಮ್ಮಿಸುತ್ತದೆ. ನಮ್ಮ ಮಗಳ ಕೈಗೆ ಸಿಕ್ಕಿದ್ದು ಅದೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತಾಗಿತ್ತು ನಮ್ಮ ಖರೀದಿ.

ಕಲಿಯುವವರಿಗೆ ಐದು ಪದರದ ಬರೀ ಮರದ ಬ್ಲೇಡ್ ಸಾಕು. ನಡುವೆ ಹಗುರವಾದ ಆಫ್ರಿಕಾದ ಅಯೂಸ್ ಮರ, ಹೊರಗೆ ಮೆದುವಾದ ಲಿಂಬಾ, ಇದು ಬಹಳ ಕಾಲದಿಂದ ನಡೆದುಬಂದ ಜೋಡಣೆ. ಚೆಂಡು ತಾಗಿದ್ದು ಹಿಡಿಯವರೆಗೂ ಕೈಗೆ ತಿಳಿಯುತ್ತದೆ. ಬ್ಲೇಡುಗಳನ್ನು ವೇಗದ ಪ್ರಕಾರ ಡಿಫೆನ್ಸಿವ್, ಆಲ್‌ರೌಂಡ್, ಅಫೆನ್ಸಿವ್ ಎಂದು ವಿಂಗಡಿಸುತ್ತಾರೆ, ನೋಡಬೇಕಾದದ್ದು ಆಲ್‌ರೌಂಡ್ ಎಂಬ ಪದವನ್ನು. ಸ್ಟಿಗಾ ಆಲ್‌ರೌಂಡ್ ಕ್ಲಾಸಿಕ್, ಯಸಾಕಾ ಸ್ವೀಡನ್ ಎಕ್ಸ್‌ಟ್ರಾ, ಡೋನಿಕ್ ಆಪೆಲ್‌ಗ್ರೆನ್ ಆಲ್‌ಪ್ಲೇ, ಈ ಮೂರೂ ಎಷ್ಟೋ ವರ್ಷಗಳಿಂದ ಮಾರುಕಟ್ಟೆಯಲ್ಲಿವೆ ಮತ್ತು ಸಾಮಾನ್ಯವಾಗಿ ಮೂವತ್ತರಿಂದ ನಲವತ್ತೈದು ಯೂರೋ ಒಳಗೆ ಸಿಗುತ್ತವೆ. ಆಪೆಲ್‌ಗ್ರೆನ್ ಎಂದರೆ 1989ರಲ್ಲಿ ಇಲ್ಲೇ ಡಾರ್ಟ್‌ಮುಂಡ್‌ನಲ್ಲಿ ಚೀನಾವನ್ನು ಸೋಲಿಸಿ ವಿಶ್ವ ತಂಡ ಪ್ರಶಸ್ತಿ ಗೆದ್ದ ಸ್ವೀಡನ್ ತಂಡದ ಆಟಗಾರ. ಇನ್ನೂ ಕಡಿಮೆಯಲ್ಲಿ ಬೇಕೆಂದರೆ ಚೀನಾದ ಯಿನ್ಹೆ ಕಂಪನಿಯ ಸಾದಾ ಐದು ಪದರದ ಬ್ಲೇಡುಗಳು ಇಪ್ಪತ್ತರ ಆಸುಪಾಸಿಗೆ ದೊರೆಯುವುದುಂಟು, ಕಲಿಯುವವರಿಗೆ ತಕ್ಕಮಟ್ಟಿಗೆ ಚೆನ್ನಾಗಿಯೇ ಇರುತ್ತವೆ.

ಹಿಡಿಯ ಆಕಾರದ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳಬೇಡಿ. 'ಕೊಂಕಾಫ್' ಎಂದರೆ ಬುಡದಲ್ಲಿ ಅಗಲವಾಗುವ ಹಿಡಿ, ಕೈಯಿಂದ ಜಾರುವುದಿಲ್ಲ, ಬಹುಪಾಲು ಮಕ್ಕಳು ಇದನ್ನೇ ಇಷ್ಟಪಡುತ್ತಾರೆ. 'ಗೆರಾಡೆ' ಎಂದರೆ ನೇರ. ಸಣ್ಣ ಕೈಗಳಿಗೆ ಚಿಕ್ಕ ಹಿಡಿಯ ಬ್ಲೇಡುಗಳೂ ಇವೆ. ಸಾಧ್ಯವಾದರೆ ಮಗುವಿನ ಕೈಗೆ ಕೊಟ್ಟು ನೋಡಿ ಕೊಳ್ಳಿ. ಕೆಲವು ಅಂಗಡಿಗಳು ಪರೀಕ್ಷೆಗೆಂದು ಬ್ಲೇಡನ್ನು ಕೆಲವು ದಿನ ಮನೆಗೆ ಕೊಡುತ್ತವೆ.

ಆಕಾರಕ್ಕಿಂತ ಮುಖ್ಯವಾದದ್ದು ತೂಕ. ಬ್ಲೇಡ್ 80ರಿಂದ 85 ಗ್ರಾಂ, ಕತ್ತರಿಸಿದ ಒಂದೊಂದು ರಬ್ಬರ್ 40ರಿಂದ 50 ಗ್ರಾಂ ತೂಗುತ್ತದೆ. ದಪ್ಪ, ಗಟ್ಟಿ ಸ್ಪಂಜು ಆರಿಸಿದರೆ ಒಟ್ಟು ತೂಕ ಸುಲಭವಾಗಿ 185 ಗ್ರಾಂ ದಾಟುತ್ತದೆ. ಹತ್ತು ವರ್ಷದ ಮಗು ಅದನ್ನು ಒಂದೂವರೆ ಗಂಟೆ ಬೀಸಬೇಕು ಎಂಬುದನ್ನು ಮರೆಯಬಾರದು. ಒಟ್ಟು 165ರ ಆಸುಪಾಸಿನಲ್ಲಿ ಇರುವಂತೆ ನಾವು ನೋಡಿಕೊಳ್ಳುತ್ತೇವೆ. ಅಡುಗೆಮನೆಯ ತಕ್ಕಡಿ ಸಾಕು.

ರಬ್ಬರ್

ಬ್ಯಾಟಿಗೆ ಸ್ಪಂಜು ಬಂದ ಕಥೆಗೆ ನಮ್ಮ ದೇಶದ ನಂಟಿದೆ. 1952ರ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ಮುಂಬಯಿಯಲ್ಲಿ. ಅಲ್ಲಿಗೆ ಜಪಾನಿನ ಹಿರೋಜಿ ಸಾತೊ ಎಂಬ ಆಟಗಾರ ದಪ್ಪ ಸ್ಪಂಜು ಹೊದಿಸಿದ ಬ್ಯಾಟ್ ಹಿಡಿದು ಬಂದರು. ಅಲ್ಲಿಯವರೆಗೆ ಎಲ್ಲರೂ ಆಡುತ್ತಿದ್ದುದು ಗುಳ್ಳೆಗಳಿದ್ದ ತೆಳು ರಬ್ಬರಿನಲ್ಲಿ. ಚೆಂಡು ಬಿದ್ದರೆ ಟಕ್ ಎಂಬ ಸದ್ದು ಬರುತ್ತಿತ್ತು, ಎದುರಾಳಿ ಆ ಸದ್ದಿನಿಂದಲೇ ಹೊಡೆತದ ಜೋರನ್ನು ಅಳೆಯುತ್ತಿದ್ದ. ಸಾತೊ ಅವರ ಬ್ಯಾಟಿನಲ್ಲಿ ಸದ್ದೇ ಇಲ್ಲ! ದೊಡ್ಡ ದೊಡ್ಡ ಆಟಗಾರರು ತಬ್ಬಿಬ್ಬಾಗಿ ಸೋತರು, ಸಾತೊ ವಿಶ್ವ ಚಾಂಪಿಯನ್ ಆದರು. ಆ ಮೇಲೆ ಎದ್ದ ಗಲಾಟೆ 1959ರವರೆಗೆ ನಡೆದು, ಕೊನೆಗೆ ಹೊದಿಕೆಯ ದಪ್ಪಕ್ಕೆ ಮಿತಿ ಹಾಕಿದರು. ಇಂದಿಗೂ ಸ್ಪಂಜು, ಮೇಲ್ಪದರ, ಅಂಟು ಎಲ್ಲ ಸೇರಿ ಒಂದು ಬದಿಗೆ 4 ಮಿಲಿಮೀಟರ್ ಮೀರುವಂತಿಲ್ಲ.

ಈಗಿನ ರಬ್ಬರಿನಲ್ಲಿ ಎರಡು ಪದರ: ಚೆಂಡನ್ನು ಮುಟ್ಟುವ ಮೇಲ್ಪದರ ಮತ್ತು ಕೆಳಗಿನ ಸ್ಪಂಜು. ಪೊಟ್ಟಣದ ಮೇಲೆ 1.5, 1.8, 2.0 ಎಂದು ಬರೆದಿರುವುದು ಸ್ಪಂಜಿನ ದಪ್ಪ. ಮಕ್ಕಳಿಗೆ 1.5 ಅಥವಾ 1.8 ಸಾಕು. ಅದಕ್ಕಿಂತ ದಪ್ಪ ಆರಿಸಿದರೆ ವೇಗ ಮತ್ತು ತೂಕ ಎರಡೂ ಏರುತ್ತವೆ. ಸ್ಪಂಜಿನ ಗಡಸುತನವನ್ನು ಡಿಗ್ರಿಯಲ್ಲಿ ಬರೆಯುತ್ತಾರೆ, ಆದರೆ ಚೀನಾ, ಜಪಾನ್, ಜರ್ಮನಿಗಳ ಅಳತೆ ಬೇರೆ ಬೇರೆ. ಚೀನಾದ 40 ಡಿಗ್ರಿ ಜರ್ಮನಿಯ 45ಕ್ಕಿಂತ ಗಟ್ಟಿಯಾಗಿರಬಹುದು. ಒಂದೇ ಪಟ್ಟಿಯಲ್ಲಿ ಇವನ್ನು ಹೋಲಿಸಲು ಹೋಗಿ ನಾವು ಮೋಸ ಹೋಗಿದ್ದೇವೆ.

ಯಾವುದನ್ನು ಕೊಳ್ಳುವುದು? 1960ರ ದಶಕದ ಕೊನೆಯಲ್ಲಿ ಬಂದ ಎರಡು ಜಪಾನಿ ರಬ್ಬರುಗಳು ಇಂದಿಗೂ ಕಲಿಯುವವರಿಗೆ ಹೇಳಿ ಮಾಡಿಸಿದಂತಿವೆ: 1967ರ ಬಟರ್‌ಫ್ಲೈ ಸ್ರೈವರ್ ಮತ್ತು 1969ರ ಯಸಾಕಾ ಮಾರ್ಕ್ ಫೈವ್. ಹಿಡಿತ ಚೆನ್ನಾಗಿದೆ, ಚೆಂಡು ಅಂಕೆ ಮೀರಿ ಚಿಮ್ಮುವುದಿಲ್ಲ, ಬಾಳಿಕೆಯೂ ಉಂಟು. ಒಂದು ಹಾಳೆಗೆ ಮೂವತ್ತರಿಂದ ನಲವತ್ತು ಯೂರೋ ಆಗುತ್ತದೆ. ಅದೂ ಹೆಚ್ಚಾಯಿತೆಂದರೆ ಚೀನಾದ ಫ್ರೆಂಡ್‌ಶಿಪ್ 729 ಅಥವಾ ಯಿನ್ಹೆ ಮರ್ಕ್ಯುರಿ 2 ಇವೆ, ಹತ್ತರಿಂದ ಹದಿನೈದು ಯೂರೋ. ಹಿಡಿತದಲ್ಲಿ ಇವು ಹಿಂದೆ ಬೀಳುವುದಿಲ್ಲ, ಕೆಲವು ಅಂಟಂಟಾಗಿಯೇ ಇರುತ್ತವೆ. ಆದರೆ ಚೀನೀ ರಬ್ಬರಿನಲ್ಲಿ ಸ್ಪಂಜು ಮೆದುವಾಗಿರುವುದನ್ನು ಕೇಳಿ ತೆಗೆದುಕೊಳ್ಳಿ. ಗಟ್ಟಿ ಸ್ಪಂಜಿಗೆ ಇಡೀ ಮೈ ತಿರುಗಿಸಿ ಹೊಡೆಯುವ ಬಲ ಬೇಕು, ಅದು ಮಕ್ಕಳಲ್ಲಿ ಇರುವುದಿಲ್ಲ.

ಬ್ರಾಂಡಿನ ಮೋಹದ ಬಗ್ಗೆ ಒಂದು ಸಂಗತಿ ತಿಳಿದಿರಲಿ. ಬವೇರಿಯಾದ ಹೋಫ್‌ಹೈಮ್ ಎಂಬ ಪುಟ್ಟ ಊರಿನಲ್ಲಿ ಇಎಸ್ಎನ್ ಎಂಬ ಕಾರ್ಖಾನೆಯಿದೆ. ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ಕಂಪನಿಗಳ ರಬ್ಬರುಗಳು ತಯಾರಾಗುವುದು ಅಲ್ಲೇ. ಎಲ್ಲವೂ ಒಂದೇ ಎಂದಲ್ಲ, ಪಾಕ ಬೇರೆ ಬೇರೆ. ಆದರೆ ಒಂದೇ ಅಡುಗೆಮನೆಯಿಂದ ಬಂದ ಎರಡು ಡಬ್ಬಿಗಳಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಹದಿನೈದು ಯೂರೋ ಹೆಚ್ಚು ಕೊಡುವಾಗ ಒಮ್ಮೆ ಯೋಚಿಸಬಹುದು.

ಉದ್ದ ಗುಳ್ಳೆಗಳ 'ಪಿಂಪಲ್' ರಬ್ಬರನ್ನು ಸದ್ಯಕ್ಕೆ ಮರೆತುಬಿಡಿ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಮನಿಕಾ ಬಾತ್ರಾ ಬ್ಯಾಕ್‌ಹ್ಯಾಂಡಿನಲ್ಲಿ ಅದನ್ನೇ ಬಳಸಿ ಎದುರಾಳಿಗಳನ್ನು ಕಂಗೆಡಿಸುವುದನ್ನು ನೋಡಿ ಮಕ್ಕಳು ಹಟ ಹಿಡಿಯುತ್ತಾರೆ. ಆ ರಬ್ಬರಿನ ವರ್ತನೆಯೇ ಬೇರೆ, ಎದುರಾಳಿ ಕೊಟ್ಟ ತಿರುಗನ್ನು ಅದು ಹಾಗೆಯೇ ಹಿಂದಕ್ಕೆ ಕಳಿಸುತ್ತದೆ. ಮಾಮೂಲಿ ಹೊಡೆತಗಳು ಕೈಗೆ ಹತ್ತುವ ಮೊದಲು ಅದನ್ನು ಕೊಟ್ಟರೆ ಅವು ಹತ್ತುವುದೇ ಇಲ್ಲ. ತರಬೇತುದಾರರೇ ಹೇಳಿದರೆ ಮಾತು ಬೇರೆ.

ಲೆಕ್ಕಾಚಾರ

ಈಗ ಜೇಬಿನ ವಿಷಯ. ಹೊಸದಾಗಿ ಈ ದೇಶಕ್ಕೆ ಬಂದು ಒಬ್ಬರೇ ದುಡಿಯುವ ಮನೆಗಳಲ್ಲಿ ಬಾಡಿಗೆ, ಹೀಟರ್ ಖರ್ಚು ಕಳೆದು ಉಳಿಯುವುದು ಎಷ್ಟೆಂದು ನಮಗೂ ಗೊತ್ತು. ಒಟ್ಟು 60 ಯೂರೋ ಮಾತ್ರ ಇದೆ ಎಂದುಕೊಳ್ಳಿ. ಹಾಗಿದ್ದರೆ 35ನ್ನು ಮರಕ್ಕೆ ಹಾಕಿ, ಹನ್ನೆರಡರಂತೆ ಎರಡು ಚೀನೀ ರಬ್ಬರ್ ತನ್ನಿ. ಅಗ್ಗದ ಮರದ ಮೇಲೆ ದುಬಾರಿ ರಬ್ಬರ್ ಅಂಟಿಸಬೇಡಿ. ಮರ ಹತ್ತು ವರ್ಷ ಬಾಳುತ್ತದೆ, ರಬ್ಬರು ವಾರಕ್ಕೆರಡು ಸಲ ಆಡುವ ಮಗುವಿನ ಕೈಯಲ್ಲಿ ಹೆಚ್ಚೆಂದರೆ ಒಂದು ವರ್ಷ.

ನೂರು ಯೂರೋ ಹೊಂದಿಸಬಹುದಾದರೆ ಅದೇ ಮರ, ಎರಡೂ ಬದಿಗೆ ಮಾರ್ಕ್ ಫೈವ್ ಅಥವಾ ಅದರ ಸರೀಕದ್ದು. ನೂರಕ್ಕಿಂತ ಹೆಚ್ಚು ಖರ್ಚು ಮಾಡಲು ಮೊದಲ ಎರಡು ವರ್ಷ ಯಾವ ಕಾರಣವೂ ನಮಗೆ ಕಾಣುವುದಿಲ್ಲ.

ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಮೂವತ್ತು ಯೂರೋದ ರೆಡಿಮೇಡ್ ಬ್ಯಾಟನ್ನು ವರ್ಷಕ್ಕೊಂದರಂತೆ ಕೊಂಡರೆ ಮೂರು ವರ್ಷಕ್ಕೆ 90 ಯೂರೋ. ಮೇಲೆ ಹೇಳಿದ ಅಗ್ಗದ ಜೋಡಣೆಗೆ ಮರ 35, ಮೂರು ವರ್ಷದ ರಬ್ಬರ್ 72, ಅಂಟು ಏಳೆಂಟು, ಒಟ್ಟು 115ರ ಹತ್ತಿರ. ಉಳಿತಾಯವೆಂದು ಇದನ್ನು ಮಾಡಬೇಡಿ, ಉಳಿತಾಯವಾಗುವುದಿಲ್ಲ. ವರ್ಷಕ್ಕೆ ಎಂಟು ಯೂರೋ ಹೆಚ್ಚಿಗೆ ಕೊಟ್ಟು ಮಗುವಿಗೆ ಕೈಗೆ ಒಗ್ಗಿದ ಅದೇ ಹಿಡಿ, ಅದೇ ಮರ, ಪ್ರತಿ ವರ್ಷ ಹೊಸ ಹಿಡಿತ ಸಿಗುತ್ತದೆ, ಅಷ್ಟೇ ಇದರ ಲಾಭ. ನಮಗೆ ಅದು ಸಾಕೆನಿಸಿದೆ.

ಇನ್ನೂ ಕಡಿಮೆ ಮಾಡುವ ದಾರಿಗಳಿವೆ. ಫೆರಾಯ್ನಿನಲ್ಲಿ ವರ್ಷಕ್ಕೊಂದು ಬ್ಲೇಡ್ ಬದಲಿಸುವ ಚಪಲದ ಹಿರಿಯರು ಇದ್ದೇ ಇರುತ್ತಾರೆ, ಅವರ ಕಪಾಟಿನಲ್ಲಿ ಒಳ್ಳೊಳ್ಳೆಯ ಮರಗಳು ಧೂಳು ತಿನ್ನುತ್ತಿರುತ್ತವೆ. ಸಂಕೋಚ ಬಿಟ್ಟು ಕೇಳಿ. ಬಳಸಿದ ಮರ ಕೊಳ್ಳಲು ಹೆದರಬೇಕಿಲ್ಲ. ಹಿಡಿ ಅಲುಗಾಡುತ್ತದೆಯೇ, ಹೊರಪದರ ಸೀಳಿದೆಯೇ ಎಂದಷ್ಟೇ ನೋಡಿ. ಹಲವು ಫೆರಾಯ್ನ್‌ಗಳು ಒಟ್ಟಾಗಿ ಸರಕು ತರಿಸುವುದರಿಂದ ರಿಯಾಯಿತಿಯೂ ಸಿಗುವುದುಂಟು.

ಹೊರದೇಶದ ಅಂಗಡಿಗಳಿಂದ ತರಿಸುವವರು ನೆನಪಿಡಿ, 2021ರ ಜುಲೈನಿಂದ ಐರೋಪ್ಯ ಒಕ್ಕೂಟಕ್ಕೆ ಬರುವ ಚಿಕ್ಕ ಪಾರ್ಸೆಲಿಗೂ ಮಾರಾಟ ತೆರಿಗೆ ಇದೆ. ನಕಲಿ ಸರಕಿನ ಕಾಟ ಬೇರೆ. ಊರಿಗೆ ಹೋದಾಗ ತರುವುದಾದರೆ ಮೀರತ್‌ನ ಸ್ಟ್ಯಾಗ್ ಮುಂತಾದ ನಮ್ಮವರ ಸರಕೂ ಸಿಗುತ್ತದೆ, ಆದರೆ ಮುಂದೆ ಹೇಳುವ ಗುರುತು ರಬ್ಬರಿನ ಮೇಲಿದೆಯೇ ಎಂದು ಅಲ್ಲೇ ನೋಡಿಕೊಳ್ಳಿ.

ಪಂದ್ಯಕ್ಕೆ ಬೇಕಾದ ಗುರುತು

ಮಗು ಫೆರಾಯ್ನಿನ ತಂಡದಲ್ಲಿ ಲೀಗ್ ಆಡಬೇಕಾದರೆ ರಬ್ಬರಿನ ಬುಡದಲ್ಲಿ, ಹಿಡಿಯ ಪಕ್ಕ, ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಒಕ್ಕೂಟ ಅಂದರೆ ಐಟಿಟಿಎಫ್‌ನ ಗುರುತು ಮತ್ತು ಸಂಖ್ಯೆ ಕಾಣಬೇಕು. ಕತ್ತರಿಸುವಾಗ ಆ ಭಾಗವನ್ನು ಕತ್ತರಿಸಿಬಿಟ್ಟರೆ ಇಡೀ ಹಾಳೆ ದಂಡ! ಒಂದು ಬದಿ ಕಪ್ಪು ಇರಲೇಬೇಕು. ಇನ್ನೊಂದು ಬದಿ 1986ರಿಂದ ಕೆಂಪೇ ಆಗಿತ್ತು, 2021ರ ಅಕ್ಟೋಬರ್‌ನಿಂದ ಗುಲಾಬಿ, ನೇರಳೆ, ಹಸಿರು, ನೀಲಿಗೂ ಅವಕಾಶವಾಗಿದೆ. ನಮ್ಮ ಮಗಳು ಈಗ ಆಡುವುದು ಕಪ್ಪು-ಗುಲಾಬಿಯಲ್ಲಿ. ಬಣ್ಣದಿಂದ ಆಟವೇನೂ ಬದಲಾಗಿಲ್ಲ, ಹುರುಪು ಮಾತ್ರ ಹೆಚ್ಚಿದೆ.

ಲೀಗ್ ಇನ್ನೂ ದೂರ ಎನ್ನುವ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಜರ್ಮನ್ ಟೇಬಲ್ ಟೆನಿಸ್ ಸಂಸ್ಥೆಯ 'ಮಿನಿ ಮೈಸ್ಟರ್‌ಶಾಫ್ಟೆನ್' ಎಂಬ ಪಂದ್ಯಾವಳಿ ಊರೂರಲ್ಲಿ ನಡೆಯುತ್ತದೆ. ಬ್ಯಾಟ್ ಕೊಳ್ಳುವ ಮೊದಲು ಒಮ್ಮೆ ಅದಕ್ಕೆ ಕಳಿಸಿ ನೋಡಿ. ಮಗುವಿಗೆ ಆಟ ಇಷ್ಟವೋ ಇಲ್ಲವೋ ಅಲ್ಲೇ ತಿಳಿದುಬಿಡುತ್ತದೆ.

ಅಂಟಿಸುವ ಕೆಲಸ

ಅಂಗಡಿಯವರೇ ಅಂಟಿಸಿಕೊಡುತ್ತಾರೆ, ಮೊದಲ ಸಲ ಹಾಗೇ ಮಾಡಿ. ಎರಡನೆಯ ಸಲದಿಂದ ಮನೆಯಲ್ಲೇ ಮಾಡಬಹುದು.

ಊರಿನಲ್ಲಿ ಆಡಿದ ನಮ್ಮ ಅಣ್ಣಂದಿರು ಸೈಕಲ್ ಶಾಪಿನ ಪಂಕ್ಚರ್ ಸಲ್ಯೂಷನ್ ಬಳಸುತ್ತಿದ್ದರು. ಸಲ್ಯೂಷನ್ ಹಚ್ಚಿದರೆ ಸ್ಪಂಜು ಉಬ್ಬಿ ಚೆಂಡು ಹೆಚ್ಚು ಚಿಮ್ಮುತ್ತದೆ ಎಂಬುದು ಗೊತ್ತಾದ ಮೇಲೆ ದೊಡ್ಡ ಆಟಗಾರರೂ ಪ್ರತಿ ಪಂದ್ಯಕ್ಕೆ ಮುನ್ನ ಹೊಸದಾಗಿ ಅಂಟು ಹಚ್ಚುವ ಪದ್ಧತಿ ಬೆಳೆಯಿತು. ಅದರ ಘಾಟು ಆರೋಗ್ಯಕ್ಕೆ ಕೆಟ್ಟದ್ದು. ಹೀಗಾಗಿ 2008ರಲ್ಲಿ ಅಂಥ ಅಂಟುಗಳನ್ನೇ ನಿಷೇಧಿಸಿದರು. ಈಗ ಬಳಸಬೇಕಾದದ್ದು ನೀರಿನಲ್ಲಿ ಕರಗಿಸಿದ, ಹಾಲಿನಂತೆ ಬಿಳಿಯಾಗಿರುವ ಅಂಟು. ಒಂದು ಸಣ್ಣ ಬಾಟಲಿ ಏಳೆಂಟು ಯೂರೋ, ಹಲವು ಸಲಕ್ಕೆ ಬರುತ್ತದೆ.

ಹಳೆಯ ರಬ್ಬರನ್ನು ಹಿಡಿಯ ಕಡೆಯ ಮೂಲೆಯಿಂದ ನಿಧಾನವಾಗಿ ಬಿಡಿಸಿ. ಅವಸರ ಮಾಡಿದರೆ ಮರದ ಸಿಬಿರು ಎದ್ದು ಬರುತ್ತದೆ, ನಮ್ಮ ಮೊದಲ ಪ್ರಯತ್ನದಲ್ಲಿ ಬಂತು. ಮರದ ಮೇಲೆ ಉಳಿದ ಅಂಟನ್ನು ಬೆರಳಿನಿಂದ ಉಜ್ಜಿದರೆ ದೋಸೆಯ ಅಂಚಿನಂತೆ ಸುರುಳಿ ಸುತ್ತಿ ಬರುತ್ತದೆ. ಮಕ್ಕಳಿಗೆ ಬಹಳ ಇಷ್ಟವಾಗುವ ಕೆಲಸ ಇದು, ಅವರಿಗೇ ಬಿಡಿ. ಆಮೇಲೆ ಮರಕ್ಕೂ ಸ್ಪಂಜಿಗೂ ತೆಳುವಾಗಿ ಅಂಟು ಹಚ್ಚಿ ಬಿಳಿ ಬಣ್ಣ ಹೋಗಿ ಪೂರ್ತಿ ಪಾರದರ್ಶಕವಾಗುವವರೆಗೆ ಕಾಯಿರಿ. ಅರೆಬರೆ ಒಣಗಿದಾಗ ಅಂಟಿಸಿದರೆ ಗುಳ್ಳೆ ಏಳುತ್ತದೆ. ಹಿಡಿಯ ಗೆರೆಗೆ ರಬ್ಬರಿನ ನೇರ ಅಂಚನ್ನು ಹೊಂದಿಸಿ, ಅಲ್ಲಿಂದ ಮೇಲಕ್ಕೆ ಹಿಗ್ಗಿಸದೆ ಹಾಸುತ್ತಾ ಹೋಗಿ. ಒತ್ತಲು ಚಪಾತಿ ಲಟ್ಟಣಿಗೆಗಿಂತ ಒಳ್ಳೆಯ ಸಾಧನ ನಮಗೆ ಸಿಕ್ಕಿಲ್ಲ, ಮನೆಯವರ ಅನುಮತಿ ಪಡೆದು ಬಳಸಿ. ಒಂದು ಗಂಟೆ ದಪ್ಪ ಪುಸ್ತಕಗಳ ಕೆಳಗೆ ಇಡಿ, ನಂತರ ಹೊಸ ಕತ್ತರಿಯಿಂದ ಮರದ ಅಂಚನ್ನೇ ಅನುಸರಿಸಿ ಕತ್ತರಿಸಿ. ಅಂಚಿಗೆ ಟೇಪು ಸುತ್ತಿದರೆ ಮೇಜಿಗೆ ತಾಗಿ ಮರ ಒಡೆಯುವುದು ತಪ್ಪುತ್ತದೆ.

ಆಡಿದ ಮೇಲೆ ಒದ್ದೆ ಸ್ಪಂಜಿನಿಂದ ರಬ್ಬರನ್ನು ಒರೆಸಿ ಒಣಗಿಸಿ ಚೀಲಕ್ಕೆ ಹಾಕಲಿ. ಬೇಸಿಗೆಯಲ್ಲಿ ಕಾರಿನೊಳಗೆ ಬಿಡುವುದು ಬೇಡ. ಪಾರ್ಕಿನ ಕಲ್ಲುಮೇಜಿಗೆ ಈ ಬ್ಯಾಟ್ ಒಯ್ಯುವುದಂತೂ ಬೇಡವೇ ಬೇಡ, ಮರಳು ಧೂಳಿಗೆ ಒಂದು ತಿಂಗಳಲ್ಲಿ ರಬ್ಬರಿನ ಹಿಡಿತ ಹೋಗುತ್ತದೆ. ಅಲ್ಲಿಗೆ ಆ ಹಳೆಯ ಸೂಪರ್ ಮಾರ್ಕೆಟ್ ಬ್ಯಾಟೇ ಸರಿ, ಎಸೆಯಬೇಡಿ.

ರಬ್ಬರ್ ಬದಲಿಸುವ ಕಾಲ ಬಂತೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ: ಚೆಂಡನ್ನು ರಬ್ಬರಿನ ಮೇಲೆ ಒತ್ತಿ ಪಕ್ಕಕ್ಕೆ ಎಳೆಯಿರಿ. ತಡೆದು ನಿಂತರೆ ಜೀವವಿದೆ, ಗಾಜಿನ ಮೇಲೆ ಜಾರಿದಂತೆ ಜಾರಿದರೆ ಮುಗಿಯಿತು. ನಡುಭಾಗ ಹೊಳಪು ಕಳೆದುಕೊಂಡು ಬೂದು ಬಣ್ಣಕ್ಕೆ ತಿರುಗುವುದೂ ಒಂದು ಲಕ್ಷಣ.

ನಮ್ಮ ಮಗಳ ಬ್ಲೇಡ್ ಈಗಲೂ ಅದೇ 35 ಯೂರೋದ್ದು, ನಾಲ್ಕನೆಯ ಜೊತೆ ರಬ್ಬರ್ ನಡೆಯುತ್ತಿದೆ. ತರಬೇತುದಾರರು ಕೊಟ್ಟಿದ್ದ ಹಳೆಯ ಬ್ಯಾಟನ್ನು ಹೊಸ ರಬ್ಬರ್ ಅಂಟಿಸಿ ಹಿಂದಿರುಗಿಸಿದೆವು. ಈ ಚಳಿಗಾಲದಲ್ಲಿ ಅದು ಎಂಟು ವರ್ಷದ ಇನ್ನೊಬ್ಬ ಹುಡುಗನ ಕೈಯಲ್ಲಿದೆ. ಸಂಘದ ಮುಂದಿನ ಕಾರ್ಯಕ್ರಮಕ್ಕೆ ಬರುವಾಗ ಅಂಟಿಸಬೇಕಾದ ರಬ್ಬರ್ ಇದ್ದರೆ ತನ್ನಿ, ಅಂಟಿನ ಬಾಟಲಿ ನಮ್ಮ ಚೀಲದಲ್ಲಿ ಇರುತ್ತದೆ. ಲಟ್ಟಣಿಗೆ ಮಾತ್ರ ನೀವೇ ತರಬೇಕು.